ಒಂದು ಸ್ಟ್ರಿಪ್ ಕೋ-ಟ್ರೈಮಾಕ್ಸಜೋಲ್: ಸೋಮವಾರಪೇಟೆ ಕಡೆಯ ಒಂದು ಪ್ರಕರಣ

ರೋಗಿ 70 ವರ್ಷದ ಹೆಂಗಸು. ತೂಕ 46 ಕೆಜಿ. ಸೋಮವಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯವರು. ಸಣ್ಣ ಕಾಫಿ ತೋಟ, ಮರಗಳಿಗೆ ಹಬ್ಬಿಸಿದ ಮೆಣಸು, ಮನೆ ಹಿಂದೆ ಕೆಲವು ಕಿತ್ತಳೆ ಗಿಡ. ಗುರುತು ಸಿಗಬಾರದೆಂದು ಹೆಸರು, ಊರು ಬರೆಯುತ್ತಿಲ್ಲ. ಇಲ್ಲಿ ಅವರನ್ನು ಅಮ್ಮ ಎಂದೇ ಕರೆಯುತ್ತೇನೆ. ವಾರ್ಡಿನಲ್ಲೂ ಎಲ್ಲರೂ ಹಾಗೇ ಕರೆಯುತ್ತಿದ್ದೆವು.

ನಾನು ಮಡಿಕೇರಿಯ ಒಂದು ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ದಾಖಲಾದವರು ಮನೆಯಲ್ಲಿ ಯಾವ ಯಾವ ಮಾತ್ರೆ ನುಂಗುತ್ತಿದ್ದರು ಎಂದು ಕೇಳಿ, ನೋಡಿ, ಬರೆದುಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಮೂತ್ರದ ಸೋಂಕಿಗೆ ಕೊಟ್ಟ, ಬಹಳ ಹಳೆಯ, ಬಹಳ ಒಳ್ಳೆಯ ಒಂದು ಜೋಡಿ ಆ್ಯಂಟಿಬಯಾಟಿಕ್, ಕೋ-ಟ್ರೈಮಾಕ್ಸಜೋಲ್, ಐದೇ ದಿನದಲ್ಲಿ ಅಮ್ಮನ ಎದೆಬಡಿತವನ್ನು ನಿಧಾನ ಮಾಡಿತು. ಮಾತ್ರೆ ನಕಲಿಯಲ್ಲ, ಹಳೆಯ ಸ್ಟಾಕ್ ಅಲ್ಲ. ಬರೆದ ಡೋಸ್ ಕೂಡ ಪುಸ್ತಕದಲ್ಲಿರುವುದೇ. ಹಾಗಾದರೆ ಏನಾಯಿತು ಎನ್ನುವುದನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿತು. ಯಾಕೆಂದರೆ ಇದೇ ಮಾತ್ರೆಗಳು ಒಟ್ಟಿಗೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಹಿರಿಯರ ಡಬ್ಬಿಯಲ್ಲಿ ಇರಬಹುದು.

ಸೋಮವಾರದಿಂದ ಶನಿವಾರದವರೆಗೆ

ಡಿಸೆಂಬರ್ ತಿಂಗಳು, ಅರೇಬಿಕಾ ಕೊಯ್ಲು ಜೋರಾಗಿದ್ದ ಹೊತ್ತು. ಕೊಯ್ಲಿನ ದಿನಗಳಲ್ಲಿ ಅಮ್ಮ ಬೆಳಿಗ್ಗೆ ತೋಟಕ್ಕೆ ಇಳಿದರೆ ಸಂಜೆ ಹಣ್ಣು ಅಳೆದು ಮುಗಿಯುವವರೆಗೆ ಮನೆ ಕಡೆ ಬರುತ್ತಿರಲಿಲ್ಲ. ತೋಟದಲ್ಲಿ ಶೌಚಾಲಯ ಇಲ್ಲ. ಮತ್ತೆ ಮತ್ತೆ ಹೋಗಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನೇ ಕಮ್ಮಿ ಮಾಡಿದ್ದರು. ಕೊಯ್ಲಿಗೆ ಬರುವ, ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಹೆಂಗಸರದೂ ಇದೇ ಕಷ್ಟ. ನೀರು ಕುಡಿಯದೆ, ಮೂತ್ರ ತಡೆದುಕೊಂಡು ಇರುವವರಿಗೆ ಸೋಂಕು ಸುಲಭವಾಗಿ ಹತ್ತುತ್ತದೆ. ತೋಟದ ಮಾಲೀಕರು ಕೊಯ್ಲಿನ ಜಾಗದ ಹತ್ತಿರ ಒಂದು ತಾತ್ಕಾಲಿಕ ಶೌಚಾಲಯ ಮಾಡಿಸಿದರೆ ಎಷ್ಟೋ ಆ್ಯಂಟಿಬಯಾಟಿಕ್ ಉಳಿಯುತ್ತದೆ. ಇದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ.

ಭಾನುವಾರ ಉರಿಮೂತ್ರ ಶುರುವಾಯಿತು. ಗಳಿಗೆಗೊಮ್ಮೆ ಹೋಗಬೇಕು ಅನ್ನಿಸುವುದು, ಹೋದರೆ ನಾಲ್ಕು ಹನಿ. ಕಿಬ್ಬೊಟ್ಟೆ ನೋವು. ಜ್ವರ ಇಲ್ಲ, ಬೆನ್ನಿನ ಪಕ್ಕೆಯಲ್ಲಿ ನೋವಿಲ್ಲ. ಸೋಮವಾರ ಸಂಜೆ ಮಗ ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ವೈದ್ಯರು ಸಲ್ಫಾ ಮಾತ್ರೆ ಅಲರ್ಜಿ ಇದೆಯಾ ಎಂದು ಕೇಳಿದರು, ಇಲ್ಲ ಎಂದರು. ಬೇರೆ ಏನು ಮಾತ್ರೆ ತಗೊಳ್ತೀರಿ ಎಂದು ಕೇಳಿದರು. "ಬಿಪಿದು, ಶುಗರ್‌ದು" ಎಂದರು ಅಮ್ಮ. ಕೋ-ಟ್ರೈಮಾಕ್ಸಜೋಲ್ ಡಬಲ್ ಸ್ಟ್ರೆಂತ್, ಬೆಳಿಗ್ಗೆ ಒಂದು ರಾತ್ರಿ ಒಂದು, 3 ದಿನ ಎಂದು ಚೀಟಿ ಬರೆದರು. ಅಂದರೆ ಒಟ್ಟು 6 ಮಾತ್ರೆ. ಅಂಗಡಿಯವರು 10 ಮಾತ್ರೆಯ ಪೂರ್ತಿ ಸ್ಟ್ರಿಪ್ ಕೊಟ್ಟರು.

ಸೋಮವಾರ ರಾತ್ರಿ ಮೊದಲ ಮಾತ್ರೆ. ಬುಧವಾರದ ಹೊತ್ತಿಗೆ ಉರಿ ಹೋಗಿತ್ತು. ಜೊತೆಗೆ ಸೊಸೆ ಮೈ ತಂಪಾಗಲಿ ಎಂದು ದಿನಕ್ಕೆ ಎರಡು ಎಳನೀರು ಕೊಡುತ್ತಿದ್ದರು. ಹಿತ್ತಲ ಕಿತ್ತಳೆ ಹಣ್ಣಾಗಿತ್ತು, ಅದರ ರಸವನ್ನೂ ಕೊಟ್ಟರು. ಬುಧವಾರದಿಂದ ಅಮ್ಮನಿಗೆ ಹೊಟ್ಟೆ ತೊಳೆಸಿದ ಹಾಗೆ. ಊಟ ಸೇರಲಿಲ್ಲ, ಗಂಜಿ ಮಾತ್ರ. ಆದರೆ ಶುಗರ್ ಮಾತ್ರೆ ತಪ್ಪಿಸಲಿಲ್ಲ. ಗುರುವಾರ ಬೆಳಿಗ್ಗೆಗೆ ಆರನೇ ಮಾತ್ರೆ ಮುಗಿಯಿತು. ಚೀಟಿಯ ಪ್ರಕಾರ ಅಲ್ಲಿಗೆ ನಿಲ್ಲಬೇಕಿತ್ತು. ಸ್ಟ್ರಿಪ್‌ನಲ್ಲಿ ಇನ್ನೂ ನಾಲ್ಕು ಇದ್ದವು, ಅವನ್ನೂ ನುಂಗುತ್ತಾ ಹೋದರು.

ಶುಕ್ರವಾರ ಸಂಜೆ ಅಮ್ಮನಿಗೆ ಜಗಲಿಯ ಮೆಟ್ಟಿಲು ಹತ್ತಲು ಆಗಲಿಲ್ಲ. ಕಾಲಿನಲ್ಲಿ ಶಕ್ತಿಯೇ ಇಲ್ಲ. ಕೊಯ್ಲಿನ ಸುಸ್ತು, ಜೊತೆಗೆ ಊಟ ಬಿಟ್ಟಿದ್ದಾರೆ ಎಂದು ಮನೆಯವರು ಅಂದುಕೊಂಡರು. ಶನಿವಾರ ನಸುಕಿನಲ್ಲಿ ಸೊಸೆ ಎಬ್ಬಿಸಲು ಹೋದರೆ ಮೈಯೆಲ್ಲ ತಣ್ಣನೆ ಬೆವರು, ಮಾತು ತೊದಲು. ಮನೆಯಲ್ಲಿ ಶುಗರ್ ನೋಡುವ ಮಿಷನ್ ಇತ್ತು. 48 ತೋರಿಸಿತು. ಸಕ್ಕರೆ ನೀರು ಕುಡಿಸಿದರು. ಸ್ವಲ್ಪ ಎಚ್ಚರವಾದರು, ಆದರೆ ಕೈ ಎತ್ತಲು ಆಗುತ್ತಿರಲಿಲ್ಲ. ಮಗ ಜೀಪು ತೆಗೆದು ಮಾದಾಪುರದ ಮೇಲೆ ಮಡಿಕೇರಿಗೆ ಬಂದರು.

ಆಸ್ಪತ್ರೆಯಲ್ಲಿ

ನಾಡಿ ನಿಮಿಷಕ್ಕೆ 40. ರಕ್ತದೊತ್ತಡ 90/60. ಇಸಿಜಿಯಲ್ಲಿ ಟಿ ಅಲೆಗಳು ಚೂಪಾಗಿ, ಎತ್ತರವಾಗಿ ನಿಂತಿದ್ದವು. ಕ್ಯುಆರ್‌ಎಸ್ ಎಂಬ ಅಲೆ ಅಗಲವಾಗಿತ್ತು. ಇದನ್ನು ನೋಡಿದ ಕೂಡಲೇ ಕರ್ತವ್ಯದಲ್ಲಿದ್ದ ವೈದ್ಯರು ರಕ್ತದ ವರದಿಗೆ ಕಾಯಲಿಲ್ಲ. ಪೊಟ್ಯಾಸಿಯಂ ಜಾಸ್ತಿಯಾಗಿದೆ ಎಂದೇ ಚಿಕಿತ್ಸೆ ಶುರು ಮಾಡಿದರು. ಆಮೇಲೆ ಬಂದ ವರದಿಯಲ್ಲಿ ಪೊಟ್ಯಾಸಿಯಂ 7.1. ಸಾಮಾನ್ಯವಾಗಿ 3.5ರಿಂದ 5ರ ಒಳಗೆ ಇರಬೇಕು. 6.5 ದಾಟಿದರೆ ಹೃದಯ ಯಾವಾಗ ಬೇಕಾದರೂ ತಾಳ ತಪ್ಪಬಹುದು. ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 2.2. ಎರಡು ತಿಂಗಳ ಹಿಂದಿನ ವರದಿಯಲ್ಲಿ ಅದು 1.2 ಇತ್ತು.

ಮೊದಲು ಕ್ಯಾಲ್ಸಿಯಂ ಗ್ಲುಕೋನೇಟ್ ಅನ್ನು ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟರು. ಇದು ಪೊಟ್ಯಾಸಿಯಂ ಇಳಿಸುವುದಿಲ್ಲ. ಅದರ ಹೊಡೆತದಿಂದ ಹೃದಯವನ್ನು ಸ್ವಲ್ಪ ಹೊತ್ತು ಕಾಯುತ್ತದೆ, ಅಷ್ಟೇ. ನಿಮಿಷಗಳಲ್ಲೇ ಇಸಿಜಿ ಸುಧಾರಿಸಿತು. ಆಮೇಲೆ ಸಾಲ್‌ಬ್ಯುಟಮಾಲ್ ನೆಬ್ಯುಲೈಸರ್. ಉಬ್ಬಸಕ್ಕೆ ಕೊಡುವ ಅದೇ ಔಷಧಿ ಜಾಸ್ತಿ ಡೋಸ್‌ನಲ್ಲಿ ಪೊಟ್ಯಾಸಿಯಂ ಅನ್ನು ಜೀವಕೋಶಗಳ ಒಳಗೆ ತಳ್ಳುತ್ತದೆ. ಇನ್ಸುಲಿನ್ ಕೂಡ ಅದೇ ಕೆಲಸ ಮಾಡುತ್ತದೆ. ಆದರೆ ಇಲ್ಲಿ ಸಕ್ಕರೆ ಮೊದಲೇ ನೆಲ ಕಚ್ಚಿತ್ತು. ಹಾಗಾಗಿ ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ದ್ರಾವಣ ಹರಿಸಿ, ಸಕ್ಕರೆ ಮೇಲೆ ಬಂದ ಮೇಲೆ, ಗಂಟೆಗಂಟೆಗೆ ಬೆರಳು ಚುಚ್ಚಿ ನೋಡುತ್ತಾ ಇನ್ಸುಲಿನ್ ಕೊಟ್ಟರು. ಕರುಳಿನಲ್ಲಿ ಪೊಟ್ಯಾಸಿಯಂ ಹಿಡಿದು ಹೊರಹಾಕುವ ಪುಡಿಯನ್ನೂ ಶುರು ಮಾಡಿದರು. ಮಧ್ಯಾಹ್ನಕ್ಕೆ 6.2, ಮರುದಿನ ಬೆಳಿಗ್ಗೆ 5.3, ಮೂರನೇ ದಿನ 4.6. ಡಯಾಲಿಸಿಸ್ ಬೇಕಾಗಲಿಲ್ಲ. ಅಮ್ಮನ ಶುಗರ್ ಮಾತ್ರೆಯಲ್ಲಿದ್ದ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಲ್ಲಿ ಇಳಿದ ಸಕ್ಕರೆ ಒಮ್ಮೆ ಸರಿಹೋಗಿ ಮತ್ತೆ ಇಳಿಯುವುದುಂಟು. ಅದಕ್ಕೇ ಡ್ರಿಪ್ ಬೇಗ ತೆಗೆಯಲಿಲ್ಲ. ಆ ರಾತ್ರಿ ನಿಜವಾಗಿಯೂ ಇನ್ನೊಮ್ಮೆ 60ಕ್ಕೆ ಇಳಿಯಿತು.

ದಾಖಲಾದಾಗ ಕಳಿಸಿದ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಮೂತ್ರದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಸೋಂಕು ಆಗಲೇ ಹೋಗಿತ್ತು.

ಕವರಿನಲ್ಲಿ ಇದ್ದದ್ದು

ಮಗ ಬರುವಾಗ ಅವಸರದಲ್ಲೂ ಅಮ್ಮನ ಮಾತ್ರೆ ಕವರ್ ಹಿಡಿದುಕೊಂಡು ಬಂದಿದ್ದರು. ಇದಕ್ಕೆ ನಾನು ಅವರಿಗೆ ಕೈಮುಗಿಯುತ್ತೇನೆ. ಮೇಜಿನ ಮೇಲೆ ಎಲ್ಲವನ್ನೂ ಹರಡಿದೆ. ಟೆಲ್ಮಿಸಾರ್ಟನ್ 40, ಬಿಪಿಗೆ, ಬಹಳ ವರ್ಷದಿಂದ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಮಾತ್ರೆ, ಶುಗರ್‌ಗೆ. ಕೋ-ಟ್ರೈಮಾಕ್ಸಜೋಲ್ ಸ್ಟ್ರಿಪ್, ಅದರಲ್ಲಿ ಒಂದೇ ಮಾತ್ರೆ ಉಳಿದಿತ್ತು. ಇನ್ನೊಂದು ಸ್ಟ್ರಿಪ್ ಸ್ಪೈರೊನೊಲ್ಯಾಕ್ಟೋನ್ 25.

"ಇದು ಯಾವುದಕ್ಕೆ?" ಎಂದು ಮಗನನ್ನು ಕೇಳಿದೆ.

"ಅವ್ವನಿಗೆ ಕಾಲು ಊದ್ಕೊಂಡಿತ್ತಲ್ಲ, ಅದಕ್ಕೆ. ಅಕ್ಟೋಬರ್‌ನಲ್ಲಿ ಮೈಸೂರಿನಲ್ಲಿ ಕೊಟ್ಟಿದ್ದು."

ಹೃದಯ ರಕ್ತ ತಳ್ಳುವ ಶಕ್ತಿ ಸ್ವಲ್ಪ ಕಮ್ಮಿಯಾಗಿದೆ ಎಂದು ಮೈಸೂರಿನ ವೈದ್ಯರು ಇದನ್ನು ಸೇರಿಸಿದ್ದರು. ಅದು ಸರಿಯಾದ ಚಿಕಿತ್ಸೆಯೇ. ಆದರೆ ಮನೆಯಲ್ಲಿ ಅದರ ಹೆಸರು 'ಕಾಲು ಊತದ ಮಾತ್ರೆ'. ಕ್ಲಿನಿಕ್‌ನಲ್ಲಿ ಕೇಳಿದಾಗ ಅಮ್ಮನಿಗೆ ನೆನಪಾದದ್ದು ಬಿಪಿ ಮತ್ತು ಶುಗರ್. ಊತ ಇಳಿದಿತ್ತು, ಹಾಗಾಗಿ ಅದೊಂದು ಕಾಯಿಲೆ ಎಂದೇ ಅವರ ಲೆಕ್ಕದಲ್ಲಿ ಇರಲಿಲ್ಲ. ಮೈಸೂರಿನ ಫೈಲು ಮನೆಯ ಬೀರುವಿನಲ್ಲಿತ್ತು.

ಈ ನಾಲ್ಕು ಮಾತ್ರೆಗಳಲ್ಲಿ ಯಾವುದೂ ಒಂದೊಂದಾಗಿ ಅಮ್ಮನಿಗೆ ಕೆಟ್ಟದ್ದಲ್ಲ. ನಾಲ್ಕನ್ನೂ ಒಂದೇ ಮೇಜಿನ ಮೇಲೆ ಯಾರೂ ನೋಡಿರಲಿಲ್ಲ. ಮೈಸೂರಿನವರು ಮೂರನ್ನು ನೋಡಿದ್ದರು. ಕ್ಲಿನಿಕ್‌ನವರಿಗೆ ಎರಡರ ಸುದ್ದಿ ಮಾತ್ರ ಸಿಕ್ಕಿತು, ಅದೂ ಹೆಸರಿಲ್ಲದೆ. ಅಂಗಡಿಯವರ ಕೈಗೆ ಬಂದದ್ದು ಒಂದು ಹೆಸರಿನ ಚೀಟಿ. ಎಲ್ಲವೂ ಒಟ್ಟಿಗೆ ಸೇರಿದ್ದು ಅಮ್ಮನ ಹೊಟ್ಟೆಯಲ್ಲಿ.

ಜೋಡಿ ಔಷಧಿ ಒಳಗೆ ಏನು ಮಾಡುತ್ತದೆ

ಕೋ-ಟ್ರೈಮಾಕ್ಸಜೋಲ್ ಎಂದರೆ ಸಲ್ಫಾಮೆಥಾಕ್ಸಜೋಲ್ ಎಂಬ ಸಲ್ಫಾ ಔಷಧಿ ಮತ್ತು ಟ್ರೈಮೆಥೊಪ್ರಿಮ್. ಸೆಪ್ಟ್ರಾನ್, ಬ್ಯಾಕ್ಟ್ರಿಮ್ ಎಂಬ ಹೆಸರುಗಳು ಹಿರಿಯರಿಗೆ ನೆನಪಿರಬಹುದು. ಡಬಲ್ ಸ್ಟ್ರೆಂತ್ ಮಾತ್ರೆಯಲ್ಲಿ ಮೊದಲನೆಯದು 800 ಮಿಲಿಗ್ರಾಂ, ಎರಡನೆಯದು 160. ಈ 5ಕ್ಕೆ 1 ಲೆಕ್ಕ ಸುಮ್ನೆ ಇಟ್ಟದ್ದಲ್ಲ. ಮೈಯಲ್ಲಿ ಹರಡಿದ ಮೇಲೆ ರಕ್ತದಲ್ಲಿ ಸುಮಾರು 20ಕ್ಕೆ 1 ಆಗುತ್ತದೆ. ಆ ಅಳತೆಯಲ್ಲಿ ಎರಡೂ ಸೇರಿ ಚೆನ್ನಾಗಿ ಕೆಲಸ ಮಾಡುತ್ತವೆ.

ಬ್ಯಾಕ್ಟೀರಿಯಾ ಬದುಕಲು ಫೋಲೇಟ್ ಎಂಬ ವಿಟಮಿನ್ ಬೇಕು. ನಾವು ಅದನ್ನು ಸೊಪ್ಪು, ಕಾಳುಗಳಿಂದ ಪಡೆಯುತ್ತೇವೆ. ಈ ಬ್ಯಾಕ್ಟೀರಿಯಾಗಳು ತಾವೇ ತಯಾರಿಸಿಕೊಳ್ಳಬೇಕು. ಆ ತಯಾರಿಕೆಯ ಒಂದು ಹೆಜ್ಜೆಯನ್ನು ಸಲ್ಫಾ ತಡೆಯುತ್ತದೆ, ಅದರ ಮುಂದಿನ ಹೆಜ್ಜೆಯನ್ನು ಟ್ರೈಮೆಥೊಪ್ರಿಮ್ ತಡೆಯುತ್ತದೆ. ಸಲ್ಫಾ ಔಷಧಿಗಳ ದಾರಿ ತೆರೆದ ಗೆರ್ಹಾರ್ಡ್ ಡೊಮಾಕ್ ಅವರಿಗೆ 1939ರ ನೊಬೆಲ್ ಬಂತು. ಟ್ರೈಮೆಥೊಪ್ರಿಮ್ ಸೇರಿದಂತೆ ಅನೇಕ ಔಷಧಿಗಳ ಹಿಂದೆ ಇದ್ದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರ ನೊಬೆಲ್ ಹಂಚಿಕೊಂಡರು. 1960ರ ದಶಕದ ಕೊನೆಯಿಂದ ಈ ಜೋಡಿ ಬಳಕೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಎಚ್‌ಐವಿ ಇರುವವರನ್ನು ಒಂದು ಬಗೆಯ ನ್ಯುಮೋನಿಯಾದಿಂದ ಕಾಪಾಡುವುದು ಇದೇ. ಮಣ್ಣು, ನೀರಿನ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯೊಯ್ಡೋಸಿಸ್ ರೋಗ ಮರಳಿ ಬರದ ಹಾಗೆ ತಿಂಗಳುಗಟ್ಟಲೆ ಕೊಡುವುದೂ ಇದನ್ನೇ. ಹಾಗಾಗಿ ಈ ಪ್ರಕರಣ ಓದಿ ಯಾರೂ ಈ ಔಷಧಿಯನ್ನೇ ದೂರ ಇಡಬಾರದು.

ಎರಡು ಔಷಧಿ ಸೇರಿಸಿದ ಮಾತ್ರೆಗಳೆಲ್ಲ ಇಷ್ಟು ಯೋಚಿಸಿ ಮಾಡಿದವಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕಾರಣವಿಲ್ಲದೆ ಜೋಡಿಸಿದ 328 ಮಿಶ್ರಣಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ನಿಷೇಧಿಸಿತು.

ಈಗ ಅಮ್ಮನ ವಿಷಯಕ್ಕೆ ಬರೋಣ. ಕಿಡ್ನಿಯ ಕೊನೆಯ ಭಾಗದ ನಾಳಗಳಲ್ಲಿ ಸೋಡಿಯಂ ಒಳಗೆ ಬರುವ ಸಣ್ಣ ಬಾಗಿಲುಗಳಿವೆ. ಅಲ್ಲಿ ಸೋಡಿಯಂ ಒಳಗೆ ಬಂದರೆ ಪೊಟ್ಯಾಸಿಯಂ ಮೂತ್ರಕ್ಕೆ ಹೋಗುತ್ತದೆ. ಅಮಿಲೋರೈಡ್ ಎಂಬ ಹಳೆಯ ನೀರಿನ ಮಾತ್ರೆ ಈ ಬಾಗಿಲನ್ನು ಮುಚ್ಚುತ್ತದೆ. ಟ್ರೈಮೆಥೊಪ್ರಿಮ್ ಕೂಡ ಅದನ್ನೇ ಮುಚ್ಚುತ್ತದೆ. ಅಂದರೆ ಈ ಆ್ಯಂಟಿಬಯಾಟಿಕ್‌ನ ಅರ್ಧ ಭಾಗ, ಪೊಟ್ಯಾಸಿಯಂ ಹಿಡಿದಿಡುವ ಮಾತ್ರೆಯ ಹಾಗೆಯೂ ನಡೆದುಕೊಳ್ಳುತ್ತದೆ. ಸ್ಪೈರೊನೊಲ್ಯಾಕ್ಟೋನ್ ಇನ್ನೊಂದು ದಾರಿಯಿಂದ ಅದೇ ಕೆಲಸ ಮಾಡುತ್ತದೆ. ಟೆಲ್ಮಿಸಾರ್ಟನ್ ಮೂರನೇ ದಾರಿಯಿಂದ. ಮೂರೂ ಕೂಡಿದಾಗ ಪೊಟ್ಯಾಸಿಯಂಗೆ ಹೊರಗೆ ಹೋಗುವ ದಾರಿಯೇ ಇಲ್ಲ. ಅದರ ಮೇಲೆ ದಿನಕ್ಕೆ ಎರಡು ಎಳನೀರು. ಒಂದು ಎಳನೀರಿನಲ್ಲಿ ಸುಮಾರು ಅರ್ಧ ಗ್ರಾಂನಷ್ಟು ಪೊಟ್ಯಾಸಿಯಂ ಇರುತ್ತದೆ. ಕಿತ್ತಳೆ ರಸದಲ್ಲೂ ಕಮ್ಮಿಯಿಲ್ಲ. ಸೊಸೆ ಪ್ರೀತಿಯಿಂದ ಕೊಟ್ಟದ್ದು ಅದು. ಆರೋಗ್ಯವಾಗಿರುವವರಿಗೆ ಒಳ್ಳೆಯದೇ. ಈ ಮಾತ್ರೆಗಳ ಜೊತೆಗೆ ಮಾತ್ರ ಬೇಡವಾಗಿತ್ತು.

ಪೊಟ್ಯಾಸಿಯಂ ಒಂದೇ ದಿನದಲ್ಲಿ ಏರುವುದಿಲ್ಲ. ಸಾಮಾನ್ಯವಾಗಿ ಟ್ರೈಮೆಥೊಪ್ರಿಮ್ ಶುರು ಮಾಡಿದ ನಾಲ್ಕೈದು ದಿನಕ್ಕೆ ಜೋರಾಗುತ್ತದೆ. ಅಮ್ಮನಿಗೆ ಕಾಲು ಸೋತದ್ದು ಶುಕ್ರವಾರ ಅಲ್ವಾ? ಅದು ಐದನೇ ದಿನ. ಗುರುವಾರ ಬೆಳಿಗ್ಗೆ ನಿಲ್ಲಿಸಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಕಿಡ್ನಿಯ ಲೆಕ್ಕವನ್ನೂ ನೋಡಬೇಕು. ಕ್ರಿಯಾಟಿನಿನ್ 1.2 ಎಂದರೆ ವರದಿಯಲ್ಲಿ ಹೆಚ್ಚುಕಮ್ಮಿ ಸರಿ ಇದೆ ಎಂದೇ ಕಾಣುತ್ತದೆ. ಆದರೆ 46 ಕೆಜಿ ತೂಕದ, 70 ವರ್ಷದವರಿಗೆ ಮಾಂಸಖಂಡವೇ ಕಮ್ಮಿ. ಅವರ ಕ್ರಿಯಾಟಿನಿನ್ ಅಷ್ಟಕ್ಕೆ ಬಂದಿದೆ ಎಂದರೆ ಕಿಡ್ನಿ ಆಗಲೇ ಬಹಳ ಸೋತಿದೆ ಎಂದರ್ಥ. ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತದೆ ಎಂದು ಅಂದಾಜಿಸಿ ಡೋಸ್ ನಿರ್ಧರಿಸಲು ನಾವು ಒಂದು ಹಳೆಯ ಸೂತ್ರ ಬಳಸುತ್ತೇವೆ. 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಅದನ್ನು ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು. ಹೆಂಗಸರಿಗೆ ಬಂದ ಉತ್ತರವನ್ನು 0.85ರಿಂದ ಗುಣಿಸಬೇಕು. ಅಮ್ಮನ ಲೆಕ್ಕ ಸುಮಾರು 32 ಬರುತ್ತದೆ. ಈ ಔಷಧಿಗೆ 30ಕ್ಕಿಂತ ಕೆಳಗೆ ಇಳಿದರೆ ಅರ್ಧ ಡೋಸ್, 15ಕ್ಕಿಂತ ಕೆಳಗೆ ಬೇಡ ಎಂಬುದು ನಿಯಮ. 32 ಇದ್ದದ್ದರಿಂದ ಪೂರ್ತಿ ಡೋಸ್ ಪುಸ್ತಕದ ಪ್ರಕಾರ ಸರಿಯೇ. ಆದರೆ ಅಂಚಿನಲ್ಲಿ ನಿಂತ ಸರಿ ಅದು. ನೀರು ಕುಡಿಯದ ಎರಡು ದಿನ ಸಾಕು, 30 ದಾಟಿ ಕೆಳಗೆ ಜಾರಲು. ಟ್ರೈಮೆಥೊಪ್ರಿಮ್ ಕ್ರಿಯಾಟಿನಿನ್ ಹೊರಹೋಗುವುದನ್ನೂ ಸ್ವಲ್ಪ ತಡೆಯುತ್ತದೆ, ಹಾಗಾಗಿ ಕಿಡ್ನಿಗೆ ಏನೂ ಆಗದೆಯೂ ವರದಿಯಲ್ಲಿ ಅಂಕಿ ಕೊಂಚ ಏರಬಹುದು. ಇಲ್ಲಿ 1.2ರಿಂದ 2.2ಕ್ಕೆ ಏರಿದ್ದು ಅಷ್ಟರಿಂದಲೇ ಅಲ್ಲ. ರಕ್ತದೊತ್ತಡ ಇಳಿದು, ಮೈಯಲ್ಲಿ ನೀರಿಲ್ಲದೆ, ಕಿಡ್ನಿಗೆ ನಿಜವಾದ ಪೆಟ್ಟು ಬಿದ್ದಿತ್ತು.

ಸಕ್ಕರೆ ಇಳಿದದ್ದು ಜೋಡಿಯ ಇನ್ನೊಂದು ಅರ್ಧದಿಂದ. ಗ್ಲಿಮೆಪಿರೈಡ್ ಅನ್ನು ಲಿವರ್ ಒಂದು ಕಿಣ್ವದ ಸಹಾಯದಿಂದ ಕರಗಿಸುತ್ತದೆ. ಸಲ್ಫಾಮೆಥಾಕ್ಸಜೋಲ್ ಆ ಕಿಣ್ವವನ್ನು ತಡೆಯುತ್ತದೆ. ಆಗ ಅದೇ ಒಂದು ಮಾತ್ರೆ ಒಂದಕ್ಕಿಂತ ಜಾಸ್ತಿ ಕೆಲಸ ಮಾಡಿಬಿಡುತ್ತದೆ. ಕಿಡ್ನಿ ಸೋತರೆ ಇನ್ನೂ ಜಾಸ್ತಿ. ಜೊತೆಗೆ ಗಂಜಿ ಬಿಟ್ಟರೆ ಊಟ ಇಲ್ಲ. ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೂ ಇದೇ ಕಿಣ್ವದ ಕಾರಣಕ್ಕೆ ರಕ್ತಸ್ರಾವದ ಅಪಾಯ ಇದೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಕೋ-ಟ್ರೈಮಾಕ್ಸಜೋಲ್ ಕೊಡಲೇಬಾರದು ಎನ್ನುವಷ್ಟು ದೊಡ್ಡ ಅಪಾಯ, ಮೂಳೆಯ ಮಜ್ಜೆಯೇ ಕುಗ್ಗಿಹೋಗಬಹುದು.

ಇದು ಅಪರೂಪದ ಘಟನೆ ಎಂದು ತಳ್ಳಿಹಾಕಬೇಡಿ. ಕೆನಡಾದ ಒಂಟಾರಿಯೋದಲ್ಲಿ 66 ವರ್ಷ ದಾಟಿದವರ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಟೆಲ್ಮಿಸಾರ್ಟನ್, ಎನಾಲಪ್ರಿಲ್ ಗುಂಪಿನ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅಮಾಕ್ಸಿಸಿಲಿನ್ ಎಂಬ ಬೇರೆ ಆ್ಯಂಟಿಬಯಾಟಿಕ್ ಬದಲು ಕೋ-ಟ್ರೈಮಾಕ್ಸಜೋಲ್ ಕೊಟ್ಟಾಗ, ಪೊಟ್ಯಾಸಿಯಂ ಏರಿ ಆಸ್ಪತ್ರೆ ಸೇರುವ ಸಾಧ್ಯತೆ ಸುಮಾರು 7 ಪಟ್ಟು ಕಂಡಿತು. ಮರುವರ್ಷ ಅವರೇ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರನ್ನು ನೋಡಿದರು. ಅಲ್ಲಿ ಸುಮಾರು 12 ಪಟ್ಟು. ಅಮ್ಮ ಎರಡನ್ನೂ ತೆಗೆದುಕೊಳ್ಳುತ್ತಿದ್ದರು.

'ಕೋರ್ಸ್ ಪೂರ್ತಿ ಮಾಡಿ' ಎಂಬ ಮಾತು

"ಆ್ಯಂಟಿಬಯಾಟಿಕ್ ಅರ್ಧಕ್ಕೆ ಬಿಡಬಾರದು ಅಂತ ಟಿವಿಯಲ್ಲೇ ಹೇಳ್ತಾರಲ್ಲ, ಅದಕ್ಕೇ ಮುಗಿಸಿಬಿಡವ್ವ ಅಂದೆ" ಎಂದರು ಮಗ. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಅವರು ಅಸಡ್ಡೆ ಮಾಡಿದವರಲ್ಲ. ಕೇಳಿದ್ದನ್ನು ಶ್ರದ್ಧೆಯಿಂದ ಪಾಲಿಸಿದವರು.

ನಾವು ಆರೋಗ್ಯದವರು ವರ್ಷಗಟ್ಟಲೆ ಈ ಮಾತನ್ನು ಹೇಳುತ್ತಾ ಬಂದಿದ್ದೇವೆ. ಎಷ್ಟು ದಿನ ಎನ್ನುವುದನ್ನು ಮಾತ್ರ ಅದರ ಜೊತೆಗೆ ಹೇಳಿಲ್ಲ. ಜನರಿಗೆ ಕೋರ್ಸ್ ಎಂದರೆ ಕೈಗೆ ಬಂದ ಸ್ಟ್ರಿಪ್. ವೈದ್ಯರಿಗೆ ಅದು ಚೀಟಿಯಲ್ಲಿ ಬರೆದ ದಿನಗಳು. ಹೆಂಗಸರಿಗೆ ಬರುವ ಸಾದಾ ಮೂತ್ರಕೋಶದ ಸೋಂಕಿಗೆ ಈ ಮಾತ್ರೆ 3 ದಿನ ಸಾಕು. ಕಿಡ್ನಿಗೆ ಹತ್ತಿದ ಸೋಂಕಾದರೆ ಹೆಚ್ಚು ದಿನ. ಬೇರೆ ರೋಗಕ್ಕೆ ಬೇರೆ ಲೆಕ್ಕ. ಸ್ಟ್ರಿಪ್‌ನಲ್ಲಿ ಹತ್ತು ಇರುವುದು ಕಂಪನಿಯ ಪ್ಯಾಕಿಂಗ್ ಅನುಕೂಲಕ್ಕೆ, ನಮ್ಮ ಕಾಯಿಲೆಯನ್ನು ನೋಡಿ ಅಲ್ಲ. ಅಂಗಡಿಯಲ್ಲಿ 'ಆರೇ ಕೊಡಿ' ಎಂದು ಕೇಳಲು ಸಂಕೋಚ ಬೇಡ. ಕತ್ತರಿಸಿ ಕೊಡುವಾಗ ಹೆಸರು ಮತ್ತು ಕೊನೆಯ ದಿನಾಂಕ ಇರುವ ಭಾಗ ನಿಮ್ಮ ಕೈಗೆ ಬರಲಿ, ಇಲ್ಲದಿದ್ದರೆ ಅದನ್ನು ಚೀಟಿಯ ಹಿಂದೆ ಬರೆಸಿಕೊಳ್ಳಿ.

ಉಳಿದ ಮಾತ್ರೆಯ ವಿಷಯವೂ ಇದೆ. ಆ ಕೊನೆಯ ಒಂದು ಮಾತ್ರೆಯನ್ನು ಏನು ಮಾಡಲಿ ಎಂದು ಸೊಸೆ ಕೇಳಿದರು. ಲೈನ್ ಮನೆಯಲ್ಲಿ ಒಬ್ಬಳು ಬಸುರಿ, ಅವಳಿಗೂ ಉರಿಮೂತ್ರ, ಕೊಡಬಹುದಾ ಎಂದು. ಬೇಡವೇ ಬೇಡ ಎಂದೆ. ಇದು ಫೋಲೇಟ್ ತಡೆಯುವ ಔಷಧಿ. ಮೊದಲ ಮೂರು ತಿಂಗಳಲ್ಲಿ ಮಗುವಿನ ಬೆಳವಣಿಗೆಗೆ ಅಪಾಯ. ಹೆರಿಗೆ ಹತ್ತಿರ ಬಂದಾಗ ಕೊಟ್ಟರೆ ಹುಟ್ಟಿದ ಮಗುವಿಗೆ ಕಾಮಾಲೆ ಏರಿ ಮೆದುಳಿಗೆ ತೊಂದರೆಯಾಗಬಹುದು. ಅದೂ ಅಲ್ಲದೆ ಇದರ ಒಂದೇ ಮಾತ್ರೆಯಿಂದ ಸೋಂಕು ಹೋಗುವುದಿಲ್ಲ, ಬ್ಯಾಕ್ಟೀರಿಯಾ ಔಷಧಿಗೆ ಪಳಗುತ್ತದೆ ಅಷ್ಟೇ. ಬಸುರಿಯಲ್ಲಿ ಮೂತ್ರದ ಸೋಂಕು ಬೇಗ ಕಿಡ್ನಿಗೆ ಏರುತ್ತದೆ. ಅವಳನ್ನು ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಲು ಫೋನ್ ಮಾಡಿಸಿದೆ. ಸ್ಟ್ರಿಪ್ ಹಿಂದಿನ ಕೆಂಪು ಗೆರೆಯನ್ನೂ ಸೊಸೆಗೆ ತೋರಿಸಿದೆ. ವೈದ್ಯರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದ ಔಷಧಿ ಎಂದು ಹೇಳಲು ಇರುವ ಗುರುತು ಅದು. ಎಷ್ಟೋ ವರ್ಷದಿಂದ ಮಾತ್ರೆ ಬಿಡಿಸುತ್ತಿದ್ದರೂ ಅದನ್ನು ಅವರು ಗಮನಿಸಿರಲಿಲ್ಲ.

ಬೇರೆ ಯಾವ ದಾರಿ ಇತ್ತು

ಸೋಮವಾರ ಸಂಜೆ ಕ್ಲಿನಿಕ್‌ನಲ್ಲಿ ಸ್ಪೈರೊನೊಲ್ಯಾಕ್ಟೋನ್ ಹೆಸರು ಗೊತ್ತಾಗಿದ್ದರೆ ಕೋ-ಟ್ರೈಮಾಕ್ಸಜೋಲ್ ಬರೆಯುತ್ತಿರಲಿಲ್ಲ ಎಂದು ನಂಬುತ್ತೇನೆ. ಫಾಸ್ಫೊಮೈಸಿನ್ 3 ಗ್ರಾಂ ಪುಡಿ ಇದೆ, ನೀರಿನಲ್ಲಿ ಕಲಸಿ ಒಂದೇ ಸಲ ಕುಡಿಯುವುದು. ಅದು ಪೊಟ್ಯಾಸಿಯಂ ಹಿಡಿದಿಡುವುದಿಲ್ಲ. ನೈಟ್ರೋಫ್ಯುರಾಂಟೊಯಿನ್ ಸಾದಾ ಸೋಂಕಿಗೆ ಬಹಳ ಒಳ್ಳೆಯದು. ಆದರೆ ಕಿಡ್ನಿ ಸೋತವರಲ್ಲಿ ಮೂತ್ರಕ್ಕೆ ಸಾಕಷ್ಟು ಇಳಿಯುವುದಿಲ್ಲ, ಅಮ್ಮನ 32ಕ್ಕೆ ಅದು ಅನುಮಾನ. ಈ ಲೆಕ್ಕ ವೈದ್ಯರು ಹಾಕಬೇಕಾದದ್ದು. ಕೋ-ಟ್ರೈಮಾಕ್ಸಜೋಲ್ ಅನ್ನೇ ಕೊಡಬೇಕಾದ ಸಂದರ್ಭವೂ ಬರಬಹುದು, ಬ್ಯಾಕ್ಟೀರಿಯಾ ಅದಕ್ಕೊಂದಕ್ಕೇ ಬಗ್ಗುವಾಗ. ಆಗ ಪೊಟ್ಯಾಸಿಯಂ ಹಿಡಿದಿಡುವ ಮಾತ್ರೆಗಳನ್ನು ವೈದ್ಯರು ಕೆಲವು ದಿನ ನಿಲ್ಲಿಸುತ್ತಾರೆ. ಮೂರು ನಾಲ್ಕನೇ ದಿನಕ್ಕೆ ರಕ್ತದಲ್ಲಿ ಪೊಟ್ಯಾಸಿಯಂ ನೋಡುತ್ತಾರೆ. ಶುಗರ್ ಮಾತ್ರೆ ಇಳಿಸುತ್ತಾರೆ. ಆ ಒಂದು ರಕ್ತ ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ.

ಮೊದಲೇ ಕಲ್ಚರ್ ಕಳಿಸಿದ್ದರೆ ಚೆನ್ನಾಗಿತ್ತು. ಒಂದು ಪ್ರದೇಶದ ಬ್ಯಾಕ್ಟೀರಿಯಾಗಳಲ್ಲಿ 20%ಕ್ಕಿಂತ ಹೆಚ್ಚು ಈ ಔಷಧಿಗೆ ಬಗ್ಗದಿದ್ದರೆ, ವರದಿ ನೋಡದೆ ಕೊಡಬೇಡಿ ಎಂದು ಮಾರ್ಗಸೂಚಿಗಳು ಹೇಳುತ್ತವೆ. ಅಮ್ಮನ ಬ್ಯಾಕ್ಟೀರಿಯಾ ಬಗ್ಗಿತು, ಅದು ಅದೃಷ್ಟ. ಕಲ್ಚರ್‌ಗೆ ಮೂತ್ರವನ್ನು ಮೊದಲ ಮಾತ್ರೆ ನುಂಗುವ ಮುಂಚೆ ಕೊಡಬೇಕು. ನುಂಗಿದ ಮೇಲೆ ಕೊಟ್ಟರೆ ಏನೂ ಬೆಳೆಯದೇ ಹೋಗಬಹುದು.

ಮನೆಗೆ ಕಳಿಸುವಾಗ

ಆರನೇ ದಿನ ಅಮ್ಮ ತಾವೇ ನಡೆದು ಬಾತ್‌ರೂಮಿಗೆ ಹೋಗಿ ಬಂದರು. ಕ್ರಿಯಾಟಿನಿನ್ 1.4ಕ್ಕೆ ಇಳಿದಿತ್ತು. ಮನೆಗೆ ಹೊರಡುವ ಮುಂಚೆ ಮಗ, ಸೊಸೆ, ಅಮ್ಮ ಮೂವರನ್ನೂ ಕೂರಿಸಿಕೊಂಡು ಮಾತಾಡಿದೆ.

ದಪ್ಪ ಕಾಗದದ ಮೇಲೆ ಕನ್ನಡದಲ್ಲಿ ಮಾತ್ರೆಗಳ ಪಟ್ಟಿ ಬರೆದೆ. ಹೆಸರು, ಎಷ್ಟು ಮಿಲಿಗ್ರಾಂ, ಯಾವುದಕ್ಕೆ, ಯಾವಾಗಿನಿಂದ. ಕೊನೆಯ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ದಿನಾಂಕದ ಸಮೇತ. ಕೆಳಗೆ ದೊಡ್ಡ ಅಕ್ಷರದಲ್ಲಿ, 'ಕೋ-ಟ್ರೈಮಾಕ್ಸಜೋಲ್ ಕೊಟ್ಟಾಗ ಪೊಟ್ಯಾಸಿಯಂ 7.1 ಆಗಿತ್ತು, ಸಕ್ಕರೆ 48ಕ್ಕೆ ಇಳಿದಿತ್ತು, ಅಲರ್ಜಿ ಅಲ್ಲ' ಎಂದು ಬರೆದೆ. ಅಲರ್ಜಿ ಅಲ್ಲ ಎನ್ನುವುದನ್ನು ಬೇಕೆಂದೇ ಸೇರಿಸಿದೆ. ಸುಮ್ನೆ ಸಲ್ಫಾ ಅಲರ್ಜಿ ಎಂದು ಬರೆದುಬಿಟ್ಟರೆ ಮುಂದೆ ಪ್ರಾಣ ಉಳಿಸಲು ಇದೇ ಔಷಧಿ ಬೇಕಾದಾಗ ಬಾಗಿಲು ಮುಚ್ಚಿರುತ್ತದೆ.

ನಿಜವಾದ ಸಲ್ಫಾ ಅಲರ್ಜಿ ಹೇಗಿರುತ್ತದೆ ಎಂದೂ ಹೇಳಿದೆ, ಅದು ಮನೆಯ ಉಳಿದವರಿಗೆ ಬೇಕು. ಮಾತ್ರೆ ಶುರು ಮಾಡಿದ ಮೇಲೆ ಮೈಮೇಲೆ ಕೆಂಪು ಗಂದೆ, ಜೊತೆಗೆ ಜ್ವರ, ಬಾಯಿಯೊಳಗೆ ಹುಣ್ಣು, ಕಣ್ಣು ಕೆಂಪಾಗುವುದು, ಚರ್ಮದಲ್ಲಿ ಬೊಬ್ಬೆ. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆ ನುಂಗಬಾರದು, ಅದೇ ದಿನ ಆಸ್ಪತ್ರೆಗೆ ಬರಬೇಕು. ಚರ್ಮವೇ ಸುಲಿದುಹೋಗುವ ರೋಗದ ಶುರು ಹೀಗೇ ಇರುತ್ತದೆ. ಇದು ಒಂದೆರಡು ವಾರ ಕಳೆದ ಮೇಲೂ ಬರಬಹುದು. ಇನ್ನುಳಿದದ್ದೆಲ್ಲ ಸಣ್ಣ ವಿಷಯ, ಚೆನ್ನಾಗಿ ನೀರು ಕುಡಿಯಿರಿ, ಊಟವಾದ ಮೇಲೆ ನುಂಗಿದರೆ ಹೊಟ್ಟೆ ತೊಳೆಸುವುದು ಕಮ್ಮಿ, ಬಿಸಿಲಿಗೆ ಚರ್ಮ ಬೇಗ ಸುಡಬಹುದು.

"ಎಳನೀರು ಇನ್ನು ಕುಡಿಯೋದೇ ಬೇಡ್ವಾ ಮಗ?" ಎಂದು ಅಮ್ಮ ಕೇಳಿದರು. ಪೊಟ್ಯಾಸಿಯಂ ಪೂರ್ತಿ ಹತೋಟಿಗೆ ಬರುವವರೆಗೆ ಬೇಡಮ್ಮ, ಆಮೇಲೆ ಡಾಕ್ಟರನ್ನು ಕೇಳಿ ಅಪರೂಪಕ್ಕೆ ಎಂದೆ. ಬಿಪಿ ಇರುವವರಿಗೆ ಒಳ್ಳೆಯದು ಎಂದು ಅಂಗಡಿಗಳಲ್ಲಿ ಮಾರುವ ಕಮ್ಮಿ ಸೋಡಿಯಂ ಉಪ್ಪನ್ನೂ ಬಳಸಬೇಡಿ ಎಂದು ಸೊಸೆಗೆ ಹೇಳಿದೆ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರುತ್ತಾರೆ. ಅವರ ಅಡುಗೆಮನೆಯಲ್ಲಿ ಅದು ಇರಲಿಲ್ಲ. ಆದರೆ ತರಬೇಕೆಂದು ಯೋಚಿಸಿದ್ದರಂತೆ.

ಒಂದು ವಾರದ ನಂತರ ಪೊಟ್ಯಾಸಿಯಂ 4.4 ಇತ್ತು. ವೈದ್ಯರು ಟೆಲ್ಮಿಸಾರ್ಟನ್ ಅನ್ನು 20 ಮಿಲಿಗ್ರಾಂನಿಂದ ಮತ್ತೆ ಶುರು ಮಾಡಿದರು. ಗ್ಲಿಮೆಪಿರೈಡ್ ತೆಗೆದು ಸಕ್ಕರೆ ಅಷ್ಟಾಗಿ ಇಳಿಸದ ಬೇರೆ ಮಾತ್ರೆ ಕೊಟ್ಟರು. ಸ್ಪೈರೊನೊಲ್ಯಾಕ್ಟೋನ್ ಬಗ್ಗೆ ಮೈಸೂರಿನ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿದರು. ಹೃದಯಕ್ಕೆ ಅದು ಬೇಕು ಎಂದು ಇಬ್ಬರೂ ಒಪ್ಪಿದರು. ಜನವರಿಯಿಂದ ದಿನ ಬಿಟ್ಟು ದಿನ ಅರ್ಧ ಮಾತ್ರೆ, ಪ್ರತಿ ತಿಂಗಳು ರಕ್ತ ಪರೀಕ್ಷೆ.

ಮಾರ್ಚ್‌ನಲ್ಲಿ ಅಮ್ಮನಿಗೆ ಮತ್ತೆ ಉರಿಮೂತ್ರ ಬಂತು. ಈ ಸಲ ಅದೇ ಕ್ಲಿನಿಕ್‌ನಲ್ಲಿ ಮಗ ಪಟ್ಟಿಯನ್ನು ವೈದ್ಯರ ಮೇಜಿನ ಮೇಲೆ ಇಟ್ಟರು. ವೈದ್ಯರು ಅದನ್ನು ಎರಡು ಸಲ ಓದಿ, ಮೂತ್ರವನ್ನು ಕಲ್ಚರ್‌ಗೆ ಕಳಿಸಿ, ಫಾಸ್ಫೊಮೈಸಿನ್ ಒಂದು ಪುಡಿ ಬರೆದುಕೊಟ್ಟರು. ಆಮೇಲೆ ಆ ಪಟ್ಟಿಯ ಒಂದು ಜೆರಾಕ್ಸ್ ತಮಗೂ ಬೇಕು ಎಂದು ಕೇಳಿ ಇಟ್ಟುಕೊಂಡರಂತೆ.